‘ವಿಶ್ವಾಸ’ ಇದ್ದೂ ‘ನಂಬಿಕೆ’ ಇಲ್ಲದಿರಬಹುದೇ?

ಪದಪ್ರಿಯರಿಗೆ ನಮಸ್ಕಾರ.

ಡಾಫ್ನೆ ದು ಮೊರಿಯೇ ಅವರ ಇಂಗ್ಲಿಷ್ ಕಾದಂಬರಿ ‘ಮೈ ಕಸಿನ್ ರೇಚಲ್’ (1951) ಕುರಿತು ನಮ್ಮ ಓದುಗರ ಬಳಗದಲ್ಲಿ ಮಾತು ನಡೆದಿತ್ತು. ರೇಚಲ್ ಗಂಡನಿಗೆ ವಿಷವಿಟ್ಟಳೋ ಇಲ್ಲವೋ ಎಂಬುದು ಮಾಮೂಲಿ ಜಗಳ, ತೀರುವಂಥದ್ದಲ್ಲ. ನಡುವೆ ಹಿರಿಯರೊಬ್ಬರು ಕಥಾನಾಯಕನ ಬಗ್ಗೆ ‘ಫಿಲಿಪ್‌ಗೆ ಅವಳ ಮೇಲೆ ವಿಶ್ವಾಸವಿತ್ತು, ನಂಬಿಕೆ ಇರಲಿಲ್ಲ’ ಎಂದರು. ‘ಎರಡೂ ಒಂದೇ ಅಲ್ಲವೇ? ಒಂದು ಸಂಸ್ಕೃತ, ಇನ್ನೊಂದು ಕನ್ನಡ, ಅಷ್ಟೇ’ ಎಂದು ಇನ್ನೊಬ್ಬರು ತಡೆದರು. ನನಗೆ ಹಿರಿಯರ ಮಾತೇ ಸರಿ ಎನ್ನಿಸುತ್ತದೆ. ಕಾರಣ ಹೇಳುತ್ತೇನೆ, ತಿದ್ದುವುದಿದ್ದರೆ ತಿದ್ದಿ. ಕಥೆಯ ಗುಟ್ಟುಗಳೆಲ್ಲ ಮುಂದೆ ಬಯಲಾಗುತ್ತವೆ. ಓದದವರು ಇಲ್ಲಿಗೇ ನಿಲ್ಲಿಸಬಹುದು.

‘ನಂಬು’ ನೇರವಾಗಿ ಆಳಿಗೆ ತಗಲುತ್ತದೆ: ಅವಳನ್ನು ನಂಬಿದ, ಅವಳ ಮಾತನ್ನು ನಂಬಿದ. ಅದರೊಳಗೆ ನಿಜ-ಸುಳ್ಳಿನ ಲೆಕ್ಕವಿದೆ. ‘ವಿಶ್ವಾಸ’ಕ್ಕೆ ವಿಧಾನಸಭೆಯಲ್ಲಿ ಈ ಅರ್ಥವೇ ಇದ್ದರೂ (ವಿಶ್ವಾಸಮತ, ಅವಿಶ್ವಾಸ ನಿರ್ಣಯ) ಮನೆಯಲ್ಲಿ ಬೇರೆಯೇ ಇದೆ. ‘ವಿಶ್ವಾಸದಿಂದ ಮಾತನಾಡಿಸಿದರು’, ‘ಪ್ರೀತಿ ವಿಶ್ವಾಸ ಹೀಗೆಯೇ ಇರಲಿ’ ಎನ್ನುವಾಗ ಯಾರೂ ಯಾರ ಪ್ರಾಮಾಣಿಕತೆಯನ್ನೂ ತೂಗುತ್ತಿಲ್ಲ. ಅಲ್ಲಿರುವುದು ಅಕ್ಕರೆ. ಹಳೆಯ ಕಾಗದಗಳ ಕೊನೆಯ ‘ಇಂತಿ ನಿಮ್ಮ ವಿಶ್ವಾಸಿ’ ಎಂಬುದನ್ನೂ ನಾನು ಹಾಗೆಯೇ ಓದಿಕೊಳ್ಳುತ್ತೇನೆ.

ಇದು ಸಂಸ್ಕೃತದಿಂದ ಬಂದ ಪದಕ್ಕಷ್ಟೇ ಆದದ್ದಲ್ಲ. ಬಸವಣ್ಣನವರ ವಚನದಲ್ಲಿ ‘ನಂಬರು ನಚ್ಚರು’ ಎಂದು ಎರಡೂ ಜೊತೆಯಾಗಿ ಬರುತ್ತವೆ. ಆ ನಚ್ಚು ಇಂದು ‘ನೆಚ್ಚು’ ಆಗಿ, ‘ಮಳೆಯನ್ನು ನೆಚ್ಚಿ ಬಿತ್ತಿದ’ ಎನ್ನುವಲ್ಲಿ ಹಳೆಯ ಭರವಸೆಯನ್ನು ಉಳಿಸಿಕೊಂಡಿದೆ. ‘ನೆಚ್ಚಿನ ನಟ’, ‘ನೆಚ್ಚಿನ ಮಡದಿ’ ಎನ್ನುವಲ್ಲಿ ಅಕ್ಕರೆಯ ಕಡೆಗೆ ಸರಿದಿದೆ. ಭರವಸೆಯಿಂದ ಅಕ್ಕರೆಗೆ ದಾಟುವ ದಾರಿ ನಮ್ಮ ಭಾಷೆಗೆ ಚೆನ್ನಾಗಿ ಗೊತ್ತು ಎಂದಾಯಿತು.

ಈಗ ಕಾದಂಬರಿಗೆ ಬರೋಣ. ಫಿಲಿಪ್‌ನನ್ನು ಸಾಕಿ ಬೆಳೆಸಿದ ದಾಯಾದಿ ಅಣ್ಣ ಆಂಬ್ರೋಸ್ ಇಟಲಿಗೆ ಹೋಗಿ ರೇಚಲ್‌ಳನ್ನು ಮದುವೆಯಾಗುತ್ತಾನೆ, ಹೆಂಡತಿಯ ಮೇಲೆ ದೂರಿನ ಕಾಗದ ಬರೆಯುತ್ತಾನೆ, ಸಾಯುತ್ತಾನೆ. ಅವಳು ಕಾರ್ನ್‌ವಾಲ್‌ಗೆ ಬರುವ ಮೊದಲೇ ಅವಳನ್ನು ದ್ವೇಷಿಸುತ್ತಿದ್ದ ಫಿಲಿಪ್ ಅವಳಿಗೆ ಮರುಳಾಗಿ, 25 ತುಂಬುವ ಹೊತ್ತಿಗೆ ಆಸ್ತಿ, ಮನೆತನದ ಒಡವೆ ಎಲ್ಲವನ್ನೂ ಬರೆದುಕೊಡುತ್ತಾನೆ. ಆಮೇಲೆ ಕಾಯಿಲೆ ಬೀಳುತ್ತಾನೆ. ಅವಳೇ ಆರೈಕೆ ಮಾಡುತ್ತಾಳೆ, ಅವಳೇ ಗಿಡಮೂಲಿಕೆಯ ಕಷಾಯ ಕಾಯಿಸಿ ಕೊಡುತ್ತಾಳೆ. ಅವಳ ಕೋಣೆಯಲ್ಲಿ ಲಬರ್ನಮ್ ಗಿಡದ ವಿಷದ ಬೀಜ ಸಿಕ್ಕ ಮೇಲೆ ಆ ಕಷಾಯದ ಬಟ್ಟಲಿನ ಅರ್ಥವೇ ಬೇರೆ. ಕೊನೆಗೆ, ತೋಟದ ಸೇತುವೆ ಭಾರ ತಡೆಯದು ಎಂದು ತಿಳಿದಿದ್ದೂ ಅವನು ಅವಳನ್ನು ಎಚ್ಚರಿಸುವುದಿಲ್ಲ. ಅವಳ ಕೋಣೆಯನ್ನು ಜಾಲಾಡಿದರೂ ಅಪರಾಧಕ್ಕೆ ಪುರಾವೆ ಸಿಗುವುದಿಲ್ಲ. ಅಷ್ಟರಲ್ಲಿ ಅವಳು ಬಿದ್ದಾಗಿದೆ. ಅವನಿಗೆ ಅವಳ ಮೇಲಿನ ವಿಶ್ವಾಸ ಒಂದು ಗಳಿಗೆಯೂ ಕಡಿಮೆಯಾಗಿರಲಿಲ್ಲ. ನಂಬಿಕೆ ಮಾತ್ರ ಸತ್ತಿತ್ತು.

ಅದೇ ಲೇಖಕಿಯ ‘ರೆಬೆಕಾ’ (1938) ಇದಕ್ಕೆ ತದ್ವಿರುದ್ಧ. ಹೆಸರಿಲ್ಲದ ನಿರೂಪಕಿಗೆ ಗಂಡ ಮ್ಯಾಕ್ಸಿಮ್ ಕೊಲೆಗಾರನಿರಬಹುದೆಂಬ ಶಂಕೆಯೇ ಇಲ್ಲ. ಅವನು ಸತ್ತ ಮೊದಲ ಹೆಂಡತಿಯನ್ನೇ ಇನ್ನೂ ಪ್ರೀತಿಸುತ್ತಾನೆ ಎಂಬುದೇ ಅವಳ ಕೊರಗು. ‘ಅವಳನ್ನು ಗುಂಡಿಟ್ಟು ಕೊಂದೆ’ ಎಂದು ಅವನು ಒಪ್ಪಿಕೊಂಡಾಗ ಈ ಹುಡುಗಿಯ ಎದೆ ಹಗುರಾಗುತ್ತದೆ! ಗಂಡನ ಸಾಧುತನದ ಮೇಲಿನ ನಂಬಿಕೆ ಹೋದ ಕ್ಷಣದಲ್ಲೇ ಅವನ ವಿಶ್ವಾಸ ಕೈಗೆ ಸಿಕ್ಕಿತು. (1940ರ ಚಲನಚಿತ್ರದಲ್ಲಿ ಅಂದಿನ ಹಾಲಿವುಡ್ ನೀತಿಸಂಹಿತೆಗೆ ತಲೆಬಾಗಿ ಕೊಲೆಯನ್ನು ಆಕಸ್ಮಿಕವಾಗಿಸಿದರು. ಗಂಟೇ ಸಡಿಲವಾಯಿತು ಎಂಬುದು ನನ್ನ ತಕರಾರು.)

ಇಂಥ ಜಾಗಕ್ಕೆ ನಾವು ‘ರೋಚಕ ತಿರುವು’ ಎನ್ನುತ್ತೇವೆ. ನನಗದು ಸಾಲದು. ಪತ್ರಿಕೆಗಳಲ್ಲಿ ದಿನವೂ ‘ಪ್ರಕರಣಕ್ಕೆ ಹೊಸ ತಿರುವು’ ಸಿಗುತ್ತಿರುತ್ತದೆ. ತಿರುವು ಎಂದರೆ ಮುಂದಿನ ದಾರಿ ಬದಲಾಗುವುದು. ಇಲ್ಲಿ ಬದಲಾಗುವುದು ಹಿಂದೆ ಓದಿದ ಪುಟಗಳು. ದೋಸೆಗೂ ದೋಣಿಗೂ ಬಳಸುವ ‘ಮಗುಚು’ ಒಗ್ಗೀತೇ? ‘ಆ ಒಂದು ಮಾತಿನಿಂದ ಕಥೆ ಮಗುಚಿಕೊಂಡಿತು’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

‘ಅನುಮಾನ’ದ ಬಗ್ಗೆಯೂ ಒಂದು ಮಾತು. ನ್ಯಾಯಶಾಸ್ತ್ರದಲ್ಲಿ (ಕಾನೂನಲ್ಲ, ನಮ್ಮ ಹಳೆಯ ತರ್ಕದರ್ಶನ) ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಅದು ಅರಿವಿನ ಸಾಧನ. ಕನ್ನಡದಲ್ಲಿ ಅದೇ ಪದ ಸಂಶಯವಾಗಿದೆ, ‘ಅನುಮಾನಿಸುತ್ತಾ ಒಳಗೆ ಬಂದ’ ಎನ್ನುವಾಗ ಹಿಂಜರಿಕೆಯೂ ಆಗಿದೆ. ಬೀಜ ಕಂಡು ಕೊಲೆಯನ್ನು ಊಹಿಸುವ ಫಿಲಿಪ್‌ಗೆ ಮೂರೂ ಅರ್ಥ ಹೊಂದುತ್ತವೆ. ‘ಶಂಕೆ’ಗೆ ಈ ಹರವಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ವಿಶ್ವಾಸಕ್ಕೆ ಅಕ್ಕರೆಯ ಅರ್ಥ ನಿಮ್ಮ ಸೀಮೆಯ ಮಾತಿನಲ್ಲಿ ಎಷ್ಟು ಗಟ್ಟಿಯಾಗಿದೆ? ನಡುಗನ್ನಡದ ಕಾವ್ಯದಲ್ಲಿ ಈ ಅರ್ಥಕ್ಕೆ ಪ್ರಯೋಗ ಕಂಡವರಿದ್ದರೆ ಸಾಲನ್ನೇ ಕೊಡಿ. ಧಾರವಾಡ, ಕಲಬುರಗಿ ಕಡೆಯವರು ಇನ್ನೊಂದನ್ನು ತಿಳಿಸಬೇಕು: ಫಾರಸಿಯಿಂದ ಬಂದ ‘ಗುಮಾನಿ’ಯನ್ನು ನೀವು ಗಂಡ ಹೆಂಡಿರ ನಡುವಿನ ಸಂಶಯಕ್ಕೂ ಬಳಸುತ್ತೀರೋ, ಅಥವಾ ಕಳ್ಳತನ, ಪೊಲೀಸು ಎಂದಾಗ ಮಾತ್ರವೋ?