ಅಪ್‌ಡೇಟ್: ಅಮ್ಮನ ಜೊತೆ ಟ್ರೂಡೋಸ್‌ಗೆ ಹೋಗಿ ಬಂದೆವು

ಸೈಪ್ರಸ್‌ನಲ್ಲಿ ಅಮ್ಮನ ಜೊತೆ ನಡೆದಾಡಲು ಟ್ರೂಡೋಸ್ ರಾಷ್ಟ್ರೀಯ ಅರಣ್ಯ ಉದ್ಯಾನ ಸರಿಯಾ, ಕಡಲತೀರದ ಕೇಪ್ ಗ್ರೆಕೋ ಸರಿಯಾ ಅಂತ ಕೇಳಿದ್ದೆ. ಟ್ರೂಡೋಸ್ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್!

ಆರ್ಟೆಮಿಸ್ ಹಾದಿ ಹಿಡಿದೆವು. 1,952 ಮೀಟರ್ ಎತ್ತರದ ಒಲಿಂಪಸ್ ಶಿಖರದ ಸುತ್ತ ಸುಮಾರು 7 ಕಿಲೋಮೀಟರ್. ಏರಿಳಿತ ಕಡಿಮೆ, ಅಮ್ಮ ಆರಾಮಾಗಿ ನಡೆದರು. ದಾರಿಯುದ್ದಕ್ಕೂ ಕಪ್ಪು ಪೈನ್ ಮರಗಳು. ಹಳೆಯವುಗಳ ತಲೆ ಕೊಡೆಯಂತೆ ಚಪ್ಪಟೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಕಾಲ ಕೆಳಗಿನ ಕಲ್ಲು. ಒಂದು ಕಾಲಕ್ಕೆ ಸಮುದ್ರದ ತಳಕ್ಕಿಂತಲೂ ಆಳದಲ್ಲಿದ್ದ ಬಂಡೆ ಅದು. ಭೂಫಲಕಗಳ ಒತ್ತಡಕ್ಕೆ ಮೇಲೆದ್ದು ಈಗ ದ್ವೀಪದ ನೆತ್ತಿಯಾಗಿದೆ. ಎಂಥಾ ಸೋಜಿಗ ಅಲ್ವಾ?

ಕ್ಯಾಲೆಡೋನಿಯಾ ಜಲಪಾತದ ದಾರಿ ಕಡಿದಾಗಿದೆ, ಅಮ್ಮನ ಮಂಡಿಗೆ ಕಷ್ಟ. ಅದನ್ನು ಬಿಟ್ಟೆವು. ಹಿರಿಯರನ್ನು ಕರೆದೊಯ್ಯುವವರು ಆರ್ಟೆಮಿಸ್ ಹಾದಿಯನ್ನೇ ಆರಿಸಿ.