ಪಿಕ್ನಿಕ್ಕಿಗೆ ಪ್ರೊಪೇನ್ ಸಿಲಿಂಡರ್ ಒಯ್ಯುವ ಕುಟುಂಬಗಳಿಗೆ ಫೆಡರಲ್ ನಿಯಮ ಅನ್ವಯಿಸುತ್ತದೆಯೇ?

ಆತ್ಮೀಯರೇ,

ಯುಗಾದಿ ಪಿಕ್ನಿಕ್ಕಿನಲ್ಲಿ ಬಿಸಿಬೇಳೆಬಾತ್ ಮಾಡಲು ಪ್ರೊಪೇನ್ ಸಿಲಿಂಡರನ್ನು ಮಕ್ಕಳಿರುವ ಮಿನಿವ್ಯಾನಿನಲ್ಲೇ ತಂದರೆ ಅಮೆರಿಕದ ಕೇಂದ್ರ (ಫೆಡರಲ್) ಸಾರಿಗೆ ಇಲಾಖೆಯ ಅಪಾಯಕಾರಿ ವಸ್ತುಗಳ ನಿಯಮಗಳು ಅನ್ವಯಿಸುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ವ್ಯಕ್ತಿಯೊಬ್ಬರು ವ್ಯಾಪಾರದ ಉದ್ದೇಶವಿಲ್ಲದೆ ಖಾಸಗಿ ವಾಹನದಲ್ಲಿ, ಅದು ಬಾಡಿಗೆಗೆ ಪಡೆದದ್ದಾದರೂ ಸರಿ, ಇಂಥ ವಸ್ತುವನ್ನು ಒಯ್ದರೆ ಆ ನಿಯಮಗಳು ಅನ್ವಯಿಸುವುದಿಲ್ಲವೆಂದು ಫೆಡರಲ್ ನಿಯಮಗಳ ಸಂಹಿತೆಯ (ಸಿ.ಎಫ್.ಆರ್.) 49ನೇ ಭಾಗದ ಸೆಕ್ಷನ್ 171.1 ಹೇಳುತ್ತದೆ. ಅದೇ ಸಿಲಿಂಡರನ್ನು ಹಣ ಪಡೆದು ಅಡುಗೆ ಮಾಡಿಕೊಡುವ ಕೇಟರಿಂಗ್‌ನವರು ತಂದರೆ ಅದು ವ್ಯಾಪಾರವಾಗುತ್ತದೆ. ಕಸುಬಿನ ಸಾಮಗ್ರಿಗಳಿಗೆಂದು ಇರುವ ರಿಯಾಯಿತಿಯ ಷರತ್ತುಗಳನ್ನು ಅವರು ಪಾಲಿಸಬೇಕಾಗುತ್ತದೆ.

ಆದರೆ ಫೆಡರಲ್ ವಿನಾಯಿತಿಯನ್ನು ನಂಬಿ ಹೊರಟವರು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲೇ ಸಿಕ್ಕಿಬೀಳಬಹುದು. ಅಲ್ಲಿನ ಫೋರ್ಟ್ ಮೆಕ್‌ಹೆನ್ರಿ ಮತ್ತು ಹಾರ್ಬರ್ ಸುರಂಗಗಳಲ್ಲಿ 10 ಪೌಂಡಿಗಿಂತ ದೊಡ್ಡ ಪ್ರೊಪೇನ್ ಸಿಲಿಂಡರುಗಳನ್ನು ಮೇರಿಲ್ಯಾಂಡ್ ನಿಷೇಧಿಸಿದೆ, ಮತ್ತು ಗ್ರಿಲ್ಲಿಗೆ ನಾವೆಲ್ಲ ಬಳಸುವುದು 20 ಪೌಂಡಿನದು. ಹಿಂದೆ ಇಂಥ ವಾಹನಗಳು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಮೇಲೆ ಹೋಗುತ್ತಿದ್ದವು. 2024ರ ಮಾರ್ಚ್ 26ರಂದು ಹಡಗು ಬಡಿದು ಅದು ಕುಸಿದ ಮೇಲೆ, ಅದೇ ರಾಜ್ಯದ ಕೊಲಂಬಿಯಾ ಊರಿನ ಕಡೆಯಿಂದ ಉತ್ತರಕ್ಕೆ ಹೋಗುವವರು ನಗರವನ್ನು ಬಳಸಿ ಹೋಗುವ 695 ಹೆದ್ದಾರಿಯ ಪಶ್ಚಿಮ ಭಾಗವನ್ನು ಸುತ್ತಿಕೊಂಡೇ ಹೋಗಬೇಕು. ಜಿಪಿಎಸ್‌ಗೆ ನಿಮ್ಮ ಡಿಕ್ಕಿಯಲ್ಲಿ ಏನಿದೆಯೆಂದು ಗೊತ್ತಿರುವುದಿಲ್ಲವಾದ್ದರಿಂದ ಅದು ನೇರವಾಗಿ ಸುರಂಗಕ್ಕೇ ಕರೆದೊಯ್ಯುತ್ತದೆ.

ಊರಿನಲ್ಲಿ 14.2 ಕಿಲೋ ಸಿಲಿಂಡರ್ ಮನೆ ಬಾಗಿಲಿಗೇ ಬರುತ್ತಿದ್ದ ಕಾರಣ ನಮ್ಮಲ್ಲಿ ಅನೇಕರಿಗೆ ಅದನ್ನು ಸಾಗಿಸಿ ಅಭ್ಯಾಸವಿಲ್ಲ. ಇಲ್ಲಿ ಮೊದಲು ನೋಡಬೇಕಾದದ್ದು ಸಿಲಿಂಡರಿನ ಕತ್ತುಪಟ್ಟಿಯ ಮೇಲೆ ಒತ್ತಿರುವ ತಿಂಗಳು ಮತ್ತು ವರ್ಷ. ತಯಾರಾಗಿ 12 ವರ್ಷ ಕಳೆದಿದ್ದು, ಮರುಪರೀಕ್ಷೆಯ ಗುರುತಿಲ್ಲದಿದ್ದರೆ ಅದನ್ನು ತುಂಬಿಸಿಕೊಡುವುದಿಲ್ಲ. ಫೆಡರಲ್ ನಿಯಮ ನಮ್ಮನ್ನು ಮುಟ್ಟುವುದು ಹೀಗೆ, ಅಂಗಡಿಯವರ ಮೂಲಕ. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಕಾರಿನ ನೆಲದಲ್ಲೇ ಶೇಖರವಾಗುತ್ತದೆ. ಆದ್ದರಿಂದ ವಾಲ್ವ್ ಮುಚ್ಚಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಉರುಳದಂತೆ ಕಟ್ಟಿ, ಕಿಟಕಿ ತೆರೆದಿಟ್ಟು ಸಾಗಬೇಕು. ನನ್ನ ಮಟ್ಟಿಗೆ, ಮಕ್ಕಳನ್ನು ಬೇರೆ ಕಾರಿನಲ್ಲಿ ಕೂರಿಸುವ ಅನುಕೂಲವಿದ್ದರೆ ಚರ್ಚೆಯೇ ಬೇಡ. ಈಗಷ್ಟೇ ಲೈಸೆನ್ಸ್ ಪಡೆದ ಮಗನನ್ನು ಸಿಲಿಂಡರ್ ತರಲು ಕಳಿಸಬಹುದೇ ಎಂದೂ ಒಬ್ಬರು ಕೇಳಿದ್ದಾರೆ. ಒಮ್ಮೆ ಜೊತೆಗೆ ಹೋಗಿ ತೋರಿಸಿದ ಮೇಲೆ ಧಾರಾಳವಾಗಿ ಕಳಿಸಿ. ಆದರೆ ಬಿಸಿಲಿನಲ್ಲಿ ಕಾರು ನಿಲ್ಲಿಸಿ ಗೆಳೆಯರೊಂದಿಗೆ ಕಾಫಿಗೆ ಹೋಗಬಾರದೆಂದು ಮೊದಲೇ ಹೇಳಿ.

ವಿಮಾನದ ವಿಷಯ ಮಾತ್ರ ಸಂಪೂರ್ಣ ಬೇರೆ, ಏಕೆಂದರೆ ಅಲ್ಲಿ ಪ್ರಯಾಣಿಕರಿಗೂ ಫೆಡರಲ್ ನಿಯಮ ನೇರವಾಗಿ ಅನ್ವಯಿಸುತ್ತದೆ. ಮೊಮ್ಮಕ್ಕಳನ್ನು ನೋಡಲು ಬರುವ ಅಜ್ಜ ಅಜ್ಜಿಯರಿಗೆ ಆಮ್ಲಜನಕ ಬೇಕಿದ್ದರೆ ಸ್ವಂತ ಸಿಲಿಂಡರನ್ನು ವಿಮಾನದೊಳಗೆ ತರುವಂತಿಲ್ಲ. ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಅಂಗೀಕೃತ ಪೋರ್ಟಬಲ್ ಆಕ್ಸಿಜನ್ ಕಾನ್ಸಂಟ್ರೇಟರ್ ತರಬಹುದು. ಹಾರಾಟದ ಅವಧಿಯ ಒಂದೂವರೆ ಪಟ್ಟು ಕಾಲ ಬರುವಷ್ಟು ಬ್ಯಾಟರಿ ಇರಬೇಕೆಂದು ವಿಮಾನ ಸಂಸ್ಥೆ ಕೇಳಬಹುದು. ಬೆಂಗಳೂರಿನಿಂದ ಬರುವ ದೂರಕ್ಕೆ ಅದು ಸಣ್ಣ ಸಂಗತಿಯಲ್ಲವಾದ್ದರಿಂದ, ಟಿಕೆಟ್ ಕೊಳ್ಳುವ ಮುನ್ನವೇ ವಿಮಾನ ಸಂಸ್ಥೆಯವರೊಂದಿಗೆ ಮಾತನಾಡುವುದು ಒಳ್ಳೆಯದು.