ಬಾಕ್ಸ್ ತೆಗೆದ ಕೂಡಲೇ ರೋಲರ್ ತಾನಾಗಿ ಓಡುತ್ತದೆ, ಯಾಕೆ? (ಕನ್ವೇಯರ್ ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ಕನ್ವೇಯರ್ ಲೈನ್ (ಬಾಕ್ಸ್ ಸಾಗಿಸುವ ರೋಲರ್‌ಗಳ ಸಾಲು) ನಿಂತಾಗ ಬಾಕ್ಸ್‌ಗಳು ಒಂದಕ್ಕೊಂದು ಯಾಕೆ ಗುದ್ದುವುದಿಲ್ಲ?

ಇಂಜಿನಿಯರ್: ಲೈನನ್ನು ಜೋನ್‌ಗಳಾಗಿ ಹಂಚಿರುತ್ತಾರೆ. ಪ್ರತಿ ಜೋನ್‌ಗೂ ಬಾಕ್ಸ್ ಇದೆಯಾ ಅಂತ ನೋಡುವ ಒಂದು ಸೆನ್ಸರ್, ರೋಲರ್ ತಿರುಗಿಸುವ ಒಂದು ಡ್ರೈವ್. ಮುಂದಿನ ಜೋನ್ ತುಂಬಿದ್ದು, ತನ್ನ ಸೆನ್ಸರ್ ಎದುರಿಗೂ ಬಾಕ್ಸ್ ಬಂದರೆ ಜೋನ್ ನಿಲ್ಲುತ್ತದೆ.

ಪ್ರಶ್ನೆ: ನಮ್ಮಲ್ಲಿ ಬಾಕ್ಸ್ ಸಿಕ್ಕಿಕೊಂಡರೆ ನಾನೇ ಕೈಯಲ್ಲಿ ಎತ್ತುತ್ತೇನೆ. ಎತ್ತಿದ ಕೂಡಲೇ ಹಿಂದಿನ ರೋಲರ್ ತಾನಾಗಿ ಓಡುತ್ತದೆ. ರೋಲರ್ ನಿಯಂತ್ರಿಸುವ ಕಾರ್ಡ್ ಕೆಟ್ಟಿದೆಯಾ?

ಇಂಜಿನಿಯರ್: ಕಾರ್ಡ್ ಸರಿಯಾಗಿಯೇ ಇದೆ. ನನಗೆ ಭಯ ನಿಮ್ಮ ಕೈ ಬಗ್ಗೆ. ನಿಂತ ರೋಲರ್ ಆಫ್ ಆಗಿಲ್ಲ, ಕಾಯುತ್ತಿದೆ ಅಷ್ಟೆ. ನೀವು ಬಾಕ್ಸ್ ಎತ್ತಿದಿರಿ. ಸೆನ್ಸರ್‌ಗೆ ಜಾಗ ಖಾಲಿ ಕಂಡಿತು. ಹಿಂದಿನ ಜೋನ್ ತನ್ನ ಬಾಕ್ಸ್ ಕಳಿಸಿತು. ಬಾಕ್ಸ್ ಮುಂದೆ ಹೋಯಿತೋ, ನೀವು ಎತ್ತಿದಿರೋ, ಅದಕ್ಕೆ ಗೊತ್ತಾಗುವುದಿಲ್ಲ. 24 ವೋಲ್ಟ್ ಮೋಟಾರ್ ತಾನೇ ಅಂತ ಸದರವಾಗಿ ನೋಡಬೇಡಿ. ಶಾಕ್ ಹೊಡೆಯದಿದ್ದರೂ ಬೆರಳು, ಅಂಗಿ ತೋಳು ಎಳೆದುಕೊಳ್ಳಬಹುದು. ಮೊದಲು ಐಸೊಲೇಟರ್ (ಲೈನ್‌ಗೆ ಕರೆಂಟ್ ಪೂರ್ತಿ ಕಡಿಯುವ ಸ್ವಿಚ್) ಆಫ್ ಮಾಡಿ. ನಿಮ್ಮದೇ ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟುಕೊಳ್ಳಿ. ಗಾಳಿಯಿಂದ ನಡೆಯುವ ಜೋನ್ ಆದರೆ ಗಾಳಿ ಬಂದ್ ಮಾಡಿ, ಪೈಪಿನಲ್ಲಿ ಉಳಿದ ಗಾಳಿಯನ್ನೂ ಹೊರಗೆ ಬಿಡಿ.

ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ಬಾಕ್ಸ್ ಅಳೆಯಿರಿ. ಅದು ಜೋನ್‌ಗಿಂತ ಉದ್ದ ಇದ್ದರೆ ಮುಂದಿನ ತುದಿಯನ್ನು ಒಂದು ಜೋನ್ ಎಳೆಯುತ್ತಿರುತ್ತದೆ, ಹಿಂದಿನ ತುದಿ ನಿಂತ ರೋಲರ್ ಮೇಲೆ ಉಜ್ಜುತ್ತಿರುತ್ತದೆ.

ಸದಸ್ಯ: ವಿಡಿಯೊ ಫಾರ್ವರ್ಡ್ ಬಂದಿದೆ. ಸೆನ್ಸರ್ ಮುಖಕ್ಕೇ ರಿಫ್ಲೆಕ್ಟರ್ ಚೂರು ಅಂಟಿಸಿದರೆ ಲೈನ್ ನಿಲ್ಲುವುದೇ ಇಲ್ಲವಂತೆ.

ಇಂಜಿನಿಯರ್: ದಯವಿಟ್ಟು ಅಂಟಿಸಬೇಡಿ. ಎದುರಿನ ರಿಫ್ಲೆಕ್ಟರ್‌ನಿಂದ ಬೆಳಕು ವಾಪಸ್ ಬಂದರೆ ಜಾಗ ಖಾಲಿ ಅಂತ ತಿಳಿಯುವ ಸೆನ್ಸರ್ ಆದರೆ, ಜೋನ್ ತುಂಬಿದ್ದರೂ ಖಾಲಿ ಅಂತಲೇ ತೋರಿಸುತ್ತದೆ. ಹಿಂದಿನ ಬಾಕ್ಸ್‌ಗಳು ನುಗ್ಗಿ ಜಜ್ಜಿ ಹೋಗುತ್ತವೆ. ಈ ವಿಡಿಯೊ ಮೂರನೇ ಸಲ ಬರುತ್ತಿದೆ. ಇನ್ನು ಹಾಕಬೇಡಿ.

ಪ್ರಶ್ನೆ: ಸರ್, ಕಾರ್ಡ್ ಬದಲಿಸಿದರೆ ತಾನಾಗಿ ಓಡುವುದು ನಿಲ್ಲುತ್ತಾ?

ಇಂಜಿನಿಯರ್: ಇಲ್ಲ. ಮೇಲೆ ಓದಿ.

ಸದಸ್ಯ: ಒಂದೊಂದೇ ಬಾಕ್ಸ್ ಬಿಡೋದು ನಿಧಾನ. ಎಲ್ಲ ಜೋನ್ ಒಟ್ಟಿಗೆ ಓಡಿಸಿ, ಬೇಗ ಆಗುತ್ತೆ.

ಇನ್ನೊಬ್ಬ ಸದಸ್ಯ: ಆಗ ಬಾಕ್ಸ್‌ಗಳ ನಡುವೆ ಜಾಗ ಇರಲ್ಲ. ಮುಂದೆ ಸ್ಕ್ಯಾನರ್ ಇದ್ರೆ ಬಾಕ್ಸ್‌ಗಳನ್ನು ಬೇರೆ ಬೇರೆಯಾಗಿ ಹೇಗೆ ಓದುತ್ತೆ?

ಸದಸ್ಯ: ನಮ್ಮಲ್ಲಿ ಇಲ್ಲ.

ಇನ್ನೊಬ್ಬ ಸದಸ್ಯ: ಎಲ್ಲ ಮೋಟಾರ್ ಒಂದೇ ಸಲ ಶುರುವಾದ್ರೆ ಪವರ್ ಸಪ್ಲೈ ತಡೆಯುತ್ತಾ? ಲೆಕ್ಕ ಹಾಕಿದ್ದೀರಾ?

ಸದಸ್ಯ: ಸುಮ್ನೆ ಪಾಠ ಮಾಡಬೇಡಿ. ನಿಮ್ಮನ್ನು ಕೇಳಲಿಲ್ಲ.

ಪ್ರಶ್ನೆ: ಇಳಿಜಾರಿನಲ್ಲಿ ಜೋನ್ ಹಾಕಬಹುದಾ? ಯಾರಾದರೂ ಹೇಳಿ.

ಪ್ರಶ್ನೆ: ಬಾಕ್ಸ್ ಎತ್ತುವವನು ನಾನೇ ಸರ್. ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಸಾಲದಾ? ಬೀಗ ಹುಡುಕಲು ಟೈಮ್ ಇರಲ್ಲ.

ಇಂಜಿನಿಯರ್: ಸಾಲದು. ನೀವು ಬಗ್ಗಿರುವಾಗ ಯಾರೋ ಬಟನ್ ಬಿಡಿಸಿ ಲೈನ್ ಶುರು ಮಾಡಬಹುದು. ಬೀಗ ಸಿಗುವವರೆಗೆ ಕೈ ಹಾಕಬೇಡಿ. ಲೈನ್ ನಿಂತಿರಲಿ.